ಓದುಗರ ಪ್ರಶ್ನೆ: ಮನೆಯಲ್ಲೇ ಓದಿ ಸಿಸಿಎನ್‌ಎ ಮಾಡಬೇಕು, 48 ಸಾವಿರದ ಕೋರ್ಸ್ ಸೇರಲಾ?

ಪ್ರಶ್ನೆ: ನಮಸ್ಕಾರ. ನಾನು ಬಿಸಿಎ ಮುಗಿಸಿ ಎರಡು ವರ್ಷ ಆಯ್ತು. ಊರಲ್ಲೇ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೇನೆ. ನೆಟ್‌ವರ್ಕಿಂಗ್ ಕಡೆ ಹೋಗಬೇಕು ಅಂತ ಆಸೆ, ಆದರೆ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿದ್ದು ಕಲಿಯುವಷ್ಟು ಅನುಕೂಲ ಇಲ್ಲ. ಒಂದು ಸಂಸ್ಥೆಯವರು ಆನ್‌ಲೈನ್ ಸಿಸಿಎನ್‌ಎ (ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಕೋರ್ಸ್ 48 ಸಾವಿರಕ್ಕೆ ಕೊಡುತ್ತೇವೆ, ಇಎಂಐ ಮಾಡಿಕೊಡುತ್ತೇವೆ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಶುಕ್ರವಾರದ ಒಳಗೆ ಸೇರಿದರೆ ಮಾತ್ರ ಈ ರೇಟಂತೆ. ಅಪ್ಪ ಬೇಡ ಅಂತಿದ್ದಾರೆ. ಏನು ಮಾಡಲಿ?
– ಓದುಗರು, ರಾಣೆಬೆನ್ನೂರು

ಉತ್ತರ: ಶುಕ್ರವಾರದ ಒಳಗೆ ಸೇರಬೇಡಿ. ನಿಮ್ಮ ಆಸೆ ತಪ್ಪಲ್ಲ, ಸಿಸಿಎನ್‌ಎ ಆಯ್ಕೆಯೂ ಚೆನ್ನಾಗಿದೆ. ಆದರೆ ಅವಸರ ಇರುವುದು ಫೋನ್ ಮಾಡುವವರಿಗೆ, ನಿಮಗಲ್ಲ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕೋರ್ಸ್ ಬೇರೆ, ಪರೀಕ್ಷೆ ಬೇರೆ. ಕೋರ್ಸ್ ಮುಗಿಸಿದಾಗ ಸಂಸ್ಥೆಯವರು ಕೊಡುವ ಬಣ್ಣದ ಹಾಳೆ ಸಿಸಿಎನ್‌ಎ ಅಲ್ಲ. ಸಿಸಿಎನ್‌ಎ ಕೊಡುವುದು ರೂಟರ್, ಸ್ವಿಚ್ ಥರದ ನೆಟ್‌ವರ್ಕ್ ಸಾಧನ ಮಾಡುವ ಸಿಸ್ಕೋ ಕಂಪನಿ, ಅದೂ ಅವರ ಪರೀಕ್ಷೆ ಪಾಸಾದರೆ ಮಾತ್ರ. ಪರೀಕ್ಷೆ ನಡೆಸಿಕೊಡುವ ಪಿಯರ್ಸನ್ ವಿಯುಇ ಕಂಪನಿ ಮೂಲಕ ಬುಕ್ ಮಾಡಬೇಕು. ಫೀಸು 300 ಡಾಲರ್, ತೆರಿಗೆ ಸೇರಿದರೆ ನಮ್ಮ ದುಡ್ಡಲ್ಲಿ 30 ಸಾವಿರದ ಆಸುಪಾಸು. ನಿಮಗೆ ಹೇಳಿರುವ 48 ಸಾವಿರದಲ್ಲಿ ಈ ಫೀಸು ಸೇರಿದೆಯಾ? ಫೋನಲ್ಲಿ ಹೌದು ಅಂದರೆ ಸಾಲದು, ಇಮೇಲಲ್ಲಿ ಬರೆದು ಕಳಿಸಿ ಅನ್ನಿ. ಸೇರಿಲ್ಲ ಅಂದರೆ ನಿಮ್ಮ ಖರ್ಚು 78 ಸಾವಿರದ ಹತ್ತಿರ ಹೋಗುತ್ತೆ, ಇಎಂಐ ಬಡ್ಡಿ ಬೇರೆ.

ಆ ಇಎಂಐ ವಿಚಾರ ನನಗೆ ಜಾಸ್ತಿ ಚಿಂತೆ ತರುತ್ತದೆ. ಸಂಸ್ಥೆಗೆ ತಿಂಗಳು ತಿಂಗಳು ಫೀಸು ಕಟ್ಟುವುದು ಅಂತ ನೀವು ಅಂದುಕೊಂಡಿರುತ್ತೀರಿ, ಆದರೆ ಬಹಳ ಕಡೆ ನಡೆಯುವುದು ಏನು ಅಂದರೆ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಮಂಜೂರು ಮಾಡಿ ಪೂರ್ತಿ ದುಡ್ಡನ್ನು ಸಂಸ್ಥೆಗೆ ಕೊಟ್ಟುಬಿಡುತ್ತದೆ, ಆಮೇಲೆ ಕ್ಲಾಸು ಚೆನ್ನಾಗಿಲ್ಲ ಅಂತ ನೀವು ಅರ್ಧಕ್ಕೆ ಬಿಟ್ಟರೂ ಸಾಲ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ. ನಾಳೆ ಮನೆಗೋ ಗಾಡಿಗೋ ಲೋನ್ ಕೇಳಿದಾಗ ಇದು ಅಡ್ಡ ಬರುತ್ತೆ. ಆರ್‌ಬಿಐನ ಡಿಜಿಟಲ್ ಸಾಲದ ನಿಯಮದ ಪ್ರಕಾರ, ಸಾಲದ ಎಲ್ಲ ಖರ್ಚನ್ನೂ ಒಂದು ಹಾಳೆಯಲ್ಲಿ ಮೊದಲೇ ತೋರಿಸಬೇಕು. ಮನಸ್ಸು ಬದಲಾದರೆ ಗೊತ್ತುಪಡಿಸಿದ ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರುವ ದಾರಿಯೂ ಇರಬೇಕು. ಆದರೆ ಅಸಲು ಅಷ್ಟರಲ್ಲಿ ಸಂಸ್ಥೆಯ ಕೈಗೆ ಹೋಗಿರುತ್ತಲ್ಲ? ಅವರು ವಾಪಸ್ ಕೊಡದಿದ್ದರೆ ನೀವೇ ಹೊಂದಿಸಬೇಕು. ಹಾಗಾಗಿ ಆಧಾರ್, ಪ್ಯಾನ್, ಓಟಿಪಿ ಕೇಳುವ ಹೊತ್ತಿಗೆ ನಿಂತು, ಇದು ಸಾಲವಾ ಅಂತ ನೇರವಾಗಿ ಕೇಳಿ. ಅಪ್ಪನ ಭಯಕ್ಕೆ ಅರ್ಥ ಇದೆ.

ಪ್ಲೇಸ್‌ಮೆಂಟ್ ಗ್ಯಾರಂಟಿ ಅನ್ನುವುದನ್ನು ನಂಬಿ ದುಡ್ಡು ಕೊಡಬೇಡಿ. ಕೆಲಸ ಕೊಡುವುದು ಕಂಪನಿ, ಕೋಚಿಂಗ್‌ನವರಲ್ಲ. ಸಿಸಿಎನ್‌ಎ ಇದ್ದರೆ ನೆಟ್‌ವರ್ಕ್ ಸಪೋರ್ಟ್, ನಾಕ್ (ನೆಟ್‌ವರ್ಕ್ ಮೇಲೆ ನಿಗಾ ಇಡುವ ಕೇಂದ್ರ), ಇಂಟರ್‌ನೆಟ್ ಕಂಪನಿಗಳ ಟೆಕ್ನಿಕಲ್ ಕೆಲಸ ಇಂಥ ಕಡೆ ಇಂಟರ್‌ವ್ಯೂ ತನಕ ಹೋಗಲು ಸಹಾಯ ಆಗುತ್ತದೆ. ಶುರುವಿನಲ್ಲಿ ನೈಟ್ ಶಿಫ್ಟ್ ಇರಬಹುದು, ಮನೆಯಲ್ಲಿ ಈಗಲೇ ಮಾತಾಡಿ ಇಟ್ಟುಕೊಳ್ಳಿ. ಇಂಟರ್‌ವ್ಯೂನಲ್ಲಿ ಅವರು ಹಾಳೆ ನೋಡಿ ಸುಮ್ಮನಾಗಲ್ಲ. ವಿಲ್ಯಾನ್ ಅಂದರೇನು, ಎರಡು ವಿಲ್ಯಾನ್ ಮಧ್ಯೆ ಮಾತು ಹೇಗೆ ನಡೆಯುತ್ತೆ, ಒಂದು /26 ನೆಟ್‌ವರ್ಕಿನಲ್ಲಿ ಎಷ್ಟು ಕಂಪ್ಯೂಟರ್‌ಗೆ ವಿಳಾಸ ಕೊಡಬಹುದು ಅಂತ ಕೇಳುತ್ತಾರೆ. 64 ವಿಳಾಸ, ಅದರಲ್ಲಿ ಬಳಸಲು ಸಿಗುವುದು 62 ಅಂತ ಯೋಚಿಸದೆ ಬಾಯಿಗೆ ಬರಬೇಕು. ಅದು ವಿಡಿಯೋ ನೋಡಿ ಬರಲ್ಲ, ಪೆನ್ನು ಹಿಡಿದು ಲೆಕ್ಕ ಮಾಡಿ ಮಾಡಿಯೇ ಬರಬೇಕು.

ಹಾಗಾದರೆ ಕೋರ್ಸ್ ಆರಿಸುವುದು ಹೇಗೆ? ಕೋರ್ಸ್ ಹುಡುಕುವ ಮುಂಚೆ ಸಿಸ್ಕೋ ಸೈಟಿಗೆ ಹೋಗಿ ಪರೀಕ್ಷೆಯ ವಿಷಯಪಟ್ಟಿ ಇಳಿಸಿಕೊಳ್ಳಿ. ಅದು ಪುಕ್ಕಟೆ. ಪರೀಕ್ಷೆಯ ನಂಬರ್ 200-301, 2020ರ ಫೆಬ್ರವರಿಯಿಂದ ಇದೆ, 2024ರ ಆಗಸ್ಟ್‌ನಲ್ಲಿ ಅದರ 1.1 ಆವೃತ್ತಿ ಬಂತು. ಅದಾದ ಮೇಲೆ ಏನಾದರೂ ಬದಲಾಗಿದೆಯಾ ಅಂತ ಅಲ್ಲೇ ನೋಡಿ. ಯಾರಾದರೂ 200-125 ಅಂತಲೋ ಐಸಿಎನ್‌ಡಿ ಅಂತಲೋ ಇರುವ ನೋಟ್ಸ್ ಕೊಟ್ಟರೆ ಅದು 2020ಕ್ಕಿಂತ ಹಿಂದಿನದು, ಮುಟ್ಟಬೇಡಿ. ಈ 1.1ರ ಪಟ್ಟಿಯಲ್ಲಿ ಐಪಿ ಕನೆಕ್ಟಿವಿಟಿಗೆ, ಅಂದರೆ ರೂಟಿಂಗ್‌ಗೆ, 25 ಪರ್ಸೆಂಟ್, ನೆಟ್‌ವರ್ಕ್ ಮೂಲಪಾಠಕ್ಕೆ 20, ನೆಟ್‌ವರ್ಕ್ ಆಕ್ಸೆಸ್‌ಗೆ 20, ಸೆಕ್ಯುರಿಟಿಗೆ 15, ಉಳಿದ 20 ಐಪಿ ಸರ್ವಿಸಸ್ ಮತ್ತು ಆಟೋಮೇಷನ್‌ಗೆ ಸಮಪಾಲು. ಈ ಪಟ್ಟಿ ಪಕ್ಕಕ್ಕಿಟ್ಟು ಸಂಸ್ಥೆಯ ಸಿಲಬಸ್ ಓದಿ. ರೂಟಿಂಗ್‌ಗೆ ಎರಡು ಕ್ಲಾಸು, ಪರಿಚಯ ಮತ್ತು ಮೋಟಿವೇಷನ್‌ಗೆ ನಾಲ್ಕು ಕ್ಲಾಸು ಇದ್ದರೆ ಗೊತ್ತಾಗುತ್ತಲ್ವಾ?

ಡೆಮೊ ಕ್ಲಾಸ್ ಕೇಳುವಾಗ ಮೊದಲ ಪಾಠ ಕೇಳಬೇಡಿ. ಮೊದಲ ಪಾಠ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಓಎಸ್‌ಪಿಎಫ್ (ರೂಟರ್‌ಗಳು ದಾರಿ ಹುಡುಕುವ ಒಂದು ವಿಧಾನ) ಅಥವಾ ಸಬ್‌ನೆಟ್ಟಿಂಗ್ (ನೆಟ್‌ವರ್ಕನ್ನು ಚಿಕ್ಕ ಭಾಗ ಮಾಡುವುದು) ಕ್ಲಾಸ್ ತೋರಿಸಿ ಅನ್ನಿ. ಡೌಟ್ ಬಂದರೆ ಉತ್ತರ ಹೇಳುವವರು ಪಾಠ ಮಾಡಿದವರೇನಾ, ಬೇರೆ ಯಾರೋನಾ? ಎಷ್ಟು ಹೊತ್ತಿಗೆ ಉತ್ತರ ಬರುತ್ತೆ? ಬೆಳಗ್ಗೆಯಿಂದ ಸಂಜೆ ತನಕ ಕೆಲಸ ಮಾಡುವ ನಿಮಗೆ ಲೈವ್ ಕ್ಲಾಸು ತಪ್ಪಿದರೆ ರೆಕಾರ್ಡಿಂಗ್ ಸಿಗುತ್ತಾ, ಎಷ್ಟು ತಿಂಗಳು ಸಿಗುತ್ತೆ? ಪರೀಕ್ಷೆಯ ಅಸಲಿ ಪ್ರಶ್ನೆಗಳನ್ನೇ ಕೊಡುತ್ತೇವೆ, ಡಂಪ್ಸ್ ಇದೆ ಅಂತ ಯಾರಾದರೂ ಅಂದರೆ ಫೋನ್ ಇಡಿ. ಅದು ಸಿಸ್ಕೋ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮುಂದೆ ಪರೀಕ್ಷೆ ಬರೆಯಲೂ ಬಿಡದಿರಬಹುದು.

ಇನ್ನು ಲ್ಯಾಬ್. ವರ್ಚುವಲ್ ಲ್ಯಾಬ್ ಕೊಡುತ್ತೇವೆ ಅಂತ ಅದಕ್ಕೇ ಜಾಸ್ತಿ ದುಡ್ಡು ಕೇಳುವವರಿದ್ದಾರೆ. ಸಿಸ್ಕೋದ್ದೇ ಪ್ಯಾಕೆಟ್ ಟ್ರೇಸರ್ ಅನ್ನುವ ಸಾಫ್ಟ್‌ವೇರ್ ನೆಟ್‌ವರ್ಕಿಂಗ್ ಅಕಾಡೆಮಿ ಸೈಟಿನಲ್ಲಿ ಅಕೌಂಟ್ ಮಾಡಿಕೊಂಡರೆ ಪುಕ್ಕಟೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತದೆ. ಅದರಲ್ಲೇ ರೂಟರ್, ಸ್ವಿಚ್ ಜೋಡಿಸಿ, ಕಮಾಂಡ್ ಕೊಟ್ಟು, ಬೇಕಂತಲೇ ಕೆಡಿಸಿ, ಮತ್ತೆ ಸರಿ ಮಾಡಿ. ಪರೀಕ್ಷೆಯಲ್ಲಿ ಕಮಾಂಡ್ ಕೊಟ್ಟು ಮಾಡುವ ಲ್ಯಾಬ್ ಪ್ರಶ್ನೆಗಳೂ ಬರುತ್ತವೆ. ಒಟ್ಟು 120 ನಿಮಿಷ, ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ವಾಪಸ್ ಬರಲು ಆಗಲ್ಲ. ಕೈ ಪಳಗಿರದಿದ್ದರೆ ಅಲ್ಲಿ ಗಾಬರಿಯಾಗುತ್ತೆ.

ನನ್ನ ಸಲಹೆ ಇಷ್ಟು. ಒಂದು ತಿಂಗಳು ದುಡ್ಡು ಖರ್ಚು ಮಾಡದೆ ಓದಿ ನೋಡಿ. ಯೂಟ್ಯೂಬಲ್ಲಿ ಪೂರ್ತಿ ಸಿಸಿಎನ್‌ಎ ಪಾಠಗಳು ಪುಕ್ಕಟೆ ಇವೆ. ದಿನಕ್ಕೆ ಒಂದೂವರೆ ಗಂಟೆ, ಅದರಲ್ಲಿ ಅರ್ಧ ಸಮಯ ಪ್ಯಾಕೆಟ್ ಟ್ರೇಸರ್. ತಿಂಗಳಾದ ಮೇಲೂ ಕೂತು ಓದುವ ಮನಸ್ಸಿದ್ದರೆ, ಯಾರಾದರೂ ಹೇಳಿಕೊಟ್ಟರೆ ಚೆನ್ನಾಗಿರುತ್ತೆ ಅನ್ನಿಸಿದರೆ, ಆಗ ಕೋರ್ಸ್ ಸೇರಿ. ಹತ್ತಿರದ ಇಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಕಾಲೇಜಿನಲ್ಲಿ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿ ಇದೆಯಾ, ಹೊರಗಿನವರನ್ನು ಸೇರಿಸಿಕೊಳ್ಳುತ್ತಾರಾ ಅಂತಲೂ ವಿಚಾರಿಸಿ. ಉಳಿಸಿದ ದುಡ್ಡು ಪರೀಕ್ಷೆ ಫೀಸಿಗೆ ಆಗುತ್ತದೆ.

ಪ್ರಶ್ನೆ: ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಕ್ಲೌಡ್ (ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆ) ಕಲಿಯಲು ಅಮೆಜಾನ್‌ನ ಎಡಬ್ಲ್ಯೂಎಸ್ ಪರೀಕ್ಷೆಗೆ ಮನೆಯಲ್ಲೇ ಓದುತ್ತಿದ್ದೇನೆ. ವಿಷಯ ಅರ್ಥ ಆಗುತ್ತೆ, ಇಂಗ್ಲಿಷ್ ಪ್ರಶ್ನೆ ಓದುವುದು ನಿಧಾನ. ಪರೀಕ್ಷೆ ಮನೆಯಿಂದಲೇ ಬರೆಯಬಹುದಾ?
– ಓದುಗರು, ಸಿಂಧನೂರು

ಉತ್ತರ: ನಿಮಗೊಂದು ಒಳ್ಳೆ ಸುದ್ದಿ ಇದೆ. ಇಂಗ್ಲಿಷ್ ತಾಯ್ನುಡಿ ಅಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದರೆ ಎಡಬ್ಲ್ಯೂಎಸ್ 30 ನಿಮಿಷ ಜಾಸ್ತಿ ಕೊಡುತ್ತದೆ. ಪರೀಕ್ಷೆ ಬುಕ್ ಮಾಡುವ ಮುಂಚೆಯೇ ನಿಮ್ಮ ಅಕೌಂಟಿನಲ್ಲಿ ಇದಕ್ಕೆ ಅರ್ಜಿ ಹಾಕಬೇಕು, ಬುಕ್ ಮಾಡಿದ ಮೇಲೆ ಹಾಕಿದರೆ ಆ ಪರೀಕ್ಷೆಗೆ ಸಿಗಲ್ಲ. ಎಡಬ್ಲ್ಯೂಎಸ್‌ನ ಶುರುವಿನ ಹಂತದ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ 65 ಪ್ರಶ್ನೆ, 90 ನಿಮಿಷ. ಅರ್ಧ ಗಂಟೆ ಸೇರಿದರೆ ಆರಾಮಾಗಿ ಎರಡು ಸಲ ಓದಿ ಉತ್ತರಿಸಬಹುದು. ಫೀಸು 100 ಡಾಲರ್ ಮತ್ತು ತೆರಿಗೆ. ಓದಲು ಅವರದೇ ಸ್ಕಿಲ್ ಬಿಲ್ಡರ್ ಸೈಟಿನಲ್ಲಿ ಪುಕ್ಕಟೆ ಪಾಠಗಳಿವೆ, ಶುರುವಿಗೆ ಅದೇ ಸಾಕು.

ಮನೆಯಿಂದ ಬರೆಯಬಹುದು. ಆದರೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮಧ್ಯದಲ್ಲಿ ಯಾರಾದರೂ ಬಾಗಿಲು ತೆಗೆದು ಒಳಗೆ ಬಂದರೂ ಪರೀಕ್ಷೆ ನಿಲ್ಲಿಸಿಬಿಡಬಹುದು, ಮೇಜಿನ ಮೇಲೆ ಪುಸ್ತಕ ಹಾಳೆ ಇಡುವಂತಿಲ್ಲ, ವೆಬ್‌ಕ್ಯಾಮ್ ಪೂರ್ತಿ ಹೊತ್ತು ನೋಡುತ್ತಿರುತ್ತದೆ. ಕೂಡು ಕುಟುಂಬ, ಕರೆಂಟ್ ಹೋಗಿ ಬರುವ ಊರು ಅಂದರೆ ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಒಳ್ಳೆಯದು. ಹತ್ತಿರದ ಕೇಂದ್ರ ಯಾವುದು ಅಂತ ಪಿಯರ್ಸನ್ ವಿಯುಇ ಸೈಟಿನಲ್ಲಿ ಊರಿನ ಹೆಸರು ಹಾಕಿ ಹುಡುಕಿ.

ಮತ್ತೆ ಹೆಸರು ನೋಡಿಕೊಳ್ಳಿ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಪೂರ್ತಿ, ಇನ್ನೊಂದರಲ್ಲಿ ಬೇರೆ ಸ್ಪೆಲ್ಲಿಂಗ್ ಇರುವುದು ಸಾಮಾನ್ಯ. ಪರೀಕ್ಷೆ ದಿನ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕೌಂಟಿನಲ್ಲೂ ಹಾಗೇ ಹಾಕಿ. ಬೇರೆ ಇದ್ದರೆ ಬುಕ್ ಮಾಡುವ ಮುಂಚೆಯೇ ಸರಿ ಮಾಡಿಸಿಕೊಳ್ಳಿ, ಇಲ್ಲವಾದರೆ ಒಳಗೆ ಬಿಡಲ್ಲ, ಕಟ್ಟಿದ ಫೀಸೂ ವಾಪಸ್ ಬರಲ್ಲ.