ಟ್ಯಾಂಕಿಗೆ ಸುರಿದದ್ದು ಎಲ್ಲಿಯವರೆಗೆ ತಲುಪುತ್ತದೆ?

ಪ್ರಶ್ನೆ: ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು, 72,000 ಕಿ.ಮೀ. ಓಡಿದೆ. ದಿನಕ್ಕೆ ಕಚೇರಿಗೆ 4 ಕಿ.ಮೀ. ಓಡಾಟ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ನಡುಗುತ್ತದೆ, ಪಿಕಪ್ ಇಲ್ಲ. ಕಾರ್ಬನ್ ಕಟ್ಟಿದೆ, ಅಡಿಟಿವ್ (ಪೆಟ್ರೋಲಿಗೆ ಬೆರೆಸುವ ಸೀಸೆಯ ಕ್ಲೀನರ್) ಹಾಕಿ ಅನ್ನುತ್ತಾರೆ. ಹಾಕಲೇ?
– ಓದುಗರು, ತುಮಕೂರು

ಉತ್ತರ: ಹಾಕಿ, ಆದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ. ತುದಿ ತಿಳಿಕಂದು ಬಣ್ಣಕ್ಕಿದ್ದರೆ ಸರಿ. ಒಣ ಮಸಿ ಬೆರಳಿಗೆ ಅಂಟಿದರೆ ಚಿಕ್ಕ ಓಡಾಟದ ಫಲ ಇರಬಹುದು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನೀವು ಆಫ್ ಮಾಡುತ್ತಿದ್ದೀರಿ. ಜಿಡ್ಡುಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತಿದೆ, ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಅದನ್ನು ಯಾವ ಸೀಸೆಯೂ ಸರಿಮಾಡದು. ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲಾದ ಥ್ರಾಟಲ್ ಬಾಡಿಯನ್ನೂ ಸ್ಪ್ರೇ ಹೊಡೆದು ಬಟ್ಟೆಯಿಂದ ಒರೆಸಿಸಿ. ಅಲ್ಲಿ ಹಾಯುವುದು ಗಾಳಿ ಮಾತ್ರ, ಪೆಟ್ರೋಲ್ ಅಲ್ಲಿಗೆ ಹೋಗುವುದೇ ಇಲ್ಲ.

ಆ ಕಾಲದ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಿಲಿಂಡರಿಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿಗೇ ಸಿಂಪಡಿಸುತ್ತದೆ. ಅಡಿಟಿವ್ ವಾಲ್ವಿನವರೆಗೂ ತಲುಪಿ ಕೆಲಸ ಮಾಡುವುದು ಇಂಥ ಎಂಜಿನ್ನಿನಲ್ಲೇ. ಲೇಬಲ್ ಮೇಲೆ ಪಾಲಿಈಥರ್ ಅಮೀನ್, ಅಂದರೆ ಪಿಇಎ ಇದೆಯೇ ನೋಡಿ ಕೊಳ್ಳಿ. ದಹನ ಕೋಣೆಯ ಶಾಖ ತಾಳಿಕೊಂಡು ಪಿಸ್ಟನ್ ತಲೆಯ ಮಸಿಯನ್ನೂ ಸ್ವಲ್ಪ ಕರಗಿಸುವ ಗುಣ ಅದಕ್ಕಿದೆ.

ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಮೊದಲು ಸೀಸೆ ಸುರಿದು, ಮೇಲಿಂದ ಪೆಟ್ರೋಲ್ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. 300 ಮಿ.ಲೀ. ಸೀಸೆಗಳು ಸಾಮಾನ್ಯವಾಗಿ 40–60 ಲೀಟರಿಗೆಂದು ಮಾಡಿದವು. ಲೇಬಲ್ ಹೇಳುವ ಅಳತೆ ಮೀರಬೇಡಿ. ಹೆಚ್ಚಾದದ್ದು ಉರಿಯದೆ ರಿಂಗ್ ದಾಟಿ ಆಯಿಲಿಗೆ ಸೇರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹೆದ್ದಾರಿಯಲ್ಲಿ ಅರ್ಧ ಗಂಟೆ 2,500–3,000 ಆರ್‌ಪಿಎಂನಲ್ಲಿ ಓಡಿಸಿ. ಅದೇ 4 ಕಿ.ಮೀ. ಓಡಿಸಿದರೆ ಸೀಸೆಯ ದುಡ್ಡು ದಂಡ. ಟ್ಯಾಂಕ್ ಮುಗಿದ ಮೇಲೆ ಆಯಿಲ್ ಬದಲಿಸಿ. ಹಾಗಾಗಿ ಆಯಿಲ್ ಚೇಂಜ್ ಹತ್ತಿರ ಬಂದಾಗಲೇ ಇದನ್ನು ಮಾಡುವುದು ಜಾಣತನ. ಎರಡು ಟ್ಯಾಂಕಿಗೂ ನಡುಕ ನಿಲ್ಲದಿದ್ದರೆ ಮೂರನೆಯದಕ್ಕೆ ಖರ್ಚು ಮಾಡದೆ ಇಗ್ನಿಷನ್ ಕಾಯಿಲ್, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನದು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್. ಇದಕ್ಕೂ ಆಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಇಂಜೆಕ್ಟರಿನ ತುದಿ ಸ್ವಚ್ಛವಾಗುತ್ತದೆ, ವಾಲ್ವ್ ಅಲ್ಲ. ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುವುದರಿಂದ ವಾಲ್ವಿನ ಬೆನ್ನು ತೊಳೆಯುವುದೇ ಇಲ್ಲ. ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ಅಲ್ಲಿ ಸುಟ್ಟು ಗಟ್ಟಿಯಾಗುತ್ತದೆ. ಅದಕ್ಕೆ ಗಾಳಿ ಬರುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಕೆರೆಯಬೇಕು. ಕೆರೆಯುತ್ತಿರುವ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿದೆಯೇ ಎಂದು ಮೆಕ್ಯಾನಿಕ್ ಪ್ರತಿ ಸಲ ಖಾತ್ರಿ ಮಾಡಿಕೊಳ್ಳಲೇಬೇಕು. ಇಲ್ಲವಾದರೆ ಪುಡಿ ಒಳಗೆ ಬೀಳುತ್ತದೆ.

ಪ್ರಶ್ನೆ: ಡೀಸೆಲ್ ಗಾಡಿಯ ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವುದು) ಕಟ್ಟಿಕೊಂಡಿದೆ. ಅಡಿಟಿವ್ ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ಅಲ್ಲಿ ಹಾಯುವುದು ಹೊಗೆ, ಡೀಸೆಲ್ ಅಲ್ಲ. ಬಿಚ್ಚಿ ಕ್ಲೀನರ್, ಬ್ರಷ್‌ನಿಂದಲೇ ತೆಗೆಸಿ, ಗ್ಯಾಸ್ಕೆಟ್ ಹೊಸದು ಹಾಕಿಸಿ. ಇಂಜೆಕ್ಟರಿಗೆಂದು ಕೊಳ್ಳುವುದಾದರೆ ಡೀಸೆಲ್‌ದೇ ಕೊಳ್ಳಿ, ಪೆಟ್ರೋಲಿನ ಸೀಸೆ ಬೇಡ.