ತೋಳಕ್ಕೆ ಕಾನೂನಿನ ರಕ್ಷಣೆ ಕೊಟ್ಟರೆ ಯೂರೋಪಿನ ಬೇಟೆಗಾರರಿಗೆ ಯಾಕೆ ಅಷ್ಟು ಸಿಟ್ಟು?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಬೇಟೆಗಾರರು ತೋಳದ ರಕ್ಷಣೆಯನ್ನು ಯಾಕೆ ವಿರೋಧಿಸುತ್ತಾರೆ? ಎಲ್ಲರೂ ಹಾಗೇನಾ? ಬೇಟೆಗೆ ಅನುಮತಿ ಕೊಟ್ಟರೆ ಕಳ್ಳಬೇಟೆ ಕಡಿಮೆಯಾಗುತ್ತದೆ ಅನ್ನುವ ಅವರ ವಾದದಲ್ಲಿ ಹುರುಳಿದೆಯಾ?

ನಾನು ಇರುವುದು ಸ್ವೀಡನ್ನಿನ ವೆರ್ಮ್‌ಲಾಂಡ್‌ನಲ್ಲಿ. ನಾರ್ವೆ ಗಡಿಗೆ ಅಂಟಿಕೊಂಡ ಪ್ರಾಂತ್ಯ ಇದು. ದೇಶದಲ್ಲಿ ತೋಳ ಜಾಸ್ತಿ ಇರುವ ಜಾಗಗಳಲ್ಲಿ ಒಂದು. ಇಲ್ಲಿಯ ಬೇಟೆ ಪರೀಕ್ಷೆ ಪಾಸು ಮಾಡಿ ಊರಿನ ಮೂಸ್ ಬೇಟೆ ತಂಡ ಸೇರಿಕೊಂಡಿದ್ದೇನೆ. ತೋಳದ ಮೇಲೆ ಗುಂಡು ಹಾರಿಸಿಲ್ಲ, ಹಾರಿಸುವ ಆಸೆಯೂ ಇಲ್ಲ. ಅವರ ಜೊತೆ ಕೂತು ಕೇಳಿದ್ದನ್ನು ಹೇಳುತ್ತೇನೆ. ಅವರ ಪರ ವಕಾಲತ್ತು ವಹಿಸುತ್ತಿಲ್ಲ.

ಮೊದಲು, ಬಂದೂಕು ಹಿಡಿದ ಸಾಹುಕಾರನ ಚಿತ್ರವನ್ನು ಮನಸ್ಸಿನಿಂದ ತೆಗೆದುಬಿಡಿ. ಸುಮಾರು ಒಂದು ಕೋಟಿ ಜನರ ಈ ದೇಶದಲ್ಲಿ ಬೇಟೆಗಾರರೇ 3 ಲಕ್ಷದ ಹತ್ತಿರ ಇದ್ದಾರೆ. ಎಲೆಕ್ಟ್ರಿಷಿಯನ್, ಶಾಲೆಯ ಟೀಚರ್, ಮರ ಕಡಿಯುವ ಯಂತ್ರ ಓಡಿಸುವವರು, ನಿವೃತ್ತ ನರ್ಸ್, ಇಂಥವರೇ ಹೆಚ್ಚು. ಬೇಟೆಯ ಹಕ್ಕು ಜಮೀನಿನ ಜೊತೆ ಬರುತ್ತದೆ. ಜಮೀನು ಇಲ್ಲದವರು ಆ ಹಕ್ಕನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಮೂಸ್ ಅಂದರೆ ಕುದುರೆಯಷ್ಟು ಎತ್ತರದ ಜಿಂಕೆ ಜಾತಿ. ಒಂದು ಸಿಕ್ಕಿದರೆ ಹಲವು ಮನೆಗಳ ಫ್ರೀಜರ್ ತುಂಬುತ್ತದೆ.

ಹಾಗಾಗಿ ಅವರ ಸಿಟ್ಟು ಮಾಂಸಕ್ಕೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಮಾಂಸದ ಮಾತೂ ಇದೆ. ಆದರೆ ತೋಳದ ಸುದ್ದಿ ಎತ್ತಿದರೆ ಮೊದಲು ಬರುವುದು ನಾಯಿ.

ಇಲ್ಲಿಯ ಬೇಟೆ ನಡೆಯುವುದೇ ಬಿಟ್ಟ ನಾಯಿಯಿಂದ. ನಾಯಿ ಒಂಟಿಯಾಗಿ ಕಾಡಿಗೆ ನುಗ್ಗಿ ಮೂಸ್ ಹುಡುಕುತ್ತದೆ. ಸಿಕ್ಕಿದ ಮೇಲೆ ಅದರ ಸುತ್ತ ಬೊಗಳುತ್ತಾ ಅಲ್ಲೇ ತಡೆದು ನಿಲ್ಲಿಸುತ್ತದೆ. ಬೇಟೆಗಾರ ಆ ಸದ್ದು ಹಿಡಿದು ಮೆಲ್ಲಗೆ ಹತ್ತಿರ ಹೋಗುತ್ತಾನೆ. ಈ ಕೆಲಸಕ್ಕೇ ಬೆಳೆಸಿದ ಯೆಮ್ಟ್‌ಹುಂಡ್, ಗ್ರೋಹುಂಡ್ ಅನ್ನುವ ತಳಿಗಳಿವೆ. ನಾಯಿ ಮಾಲೀಕನಿಂದ ಒಂದೆರಡು ಕಿಲೋಮೀಟರ್ ದೂರ ಇರುವುದು ಮಾಮೂಲು. ಮೊಲದ ಬೇಟೆಯ ನಾಯಿಗಳಂತೂ ಗಂಟೆಗಟ್ಟಲೆ ಬೊಗಳುತ್ತಾ ಓಡುತ್ತಿರುತ್ತವೆ. ತೋಳಕ್ಕೆ ಅದು ತನ್ನ ಸರಹದ್ದಿಗೆ ನುಗ್ಗಿದ ಎದುರಾಳಿಯ ಸದ್ದು. ಬಂದು ಕೊಲ್ಲುತ್ತದೆ, ತಿನ್ನುವುದೂ ಉಂಟು. ವರ್ಷ ವರ್ಷವೂ ಹತ್ತಾರು ನಾಯಿಗಳು ಹೀಗೆ ಸಾಯುತ್ತವೆ.

ಈಗ ನಾಯಿಗಳ ಕೊರಳಲ್ಲಿ ಜಿಪಿಎಸ್ ಪಟ್ಟಿ ಇರುತ್ತದೆ. ಮಾಲೀಕ ಮೊಬೈಲಿನಲ್ಲಿ ಚುಕ್ಕೆ ಓಡುವುದನ್ನು ನೋಡುತ್ತಿರುತ್ತಾನೆ. ಬೊಗಳು ನಿಂತು, ಚುಕ್ಕೆಯೂ ನಿಂತರೆ ಎದೆ ಧಸಕ್ಕೆನ್ನುತ್ತದೆ. ತೋಳ ಕಚ್ಚದಂತೆ ನಾಯಿಗೆ ತೊಡಿಸುವ ಮೊಳೆ ಚುಚ್ಚಿದ ಜಾಕೆಟ್, ಕರೆಂಟ್ ಹೊಡೆಯುವ ಜಾಕೆಟ್ ಎಲ್ಲ ಬಂದಿವೆ. ಆದರೂ ನಮ್ಮ ತಂಡದ ಹಿರಿಯರೊಬ್ಬರು ನಾಯಿ ಕಳೆದುಕೊಂಡ ಮೇಲೆ ಇನ್ನೊಂದನ್ನು ಸಾಕಲೇ ಇಲ್ಲ. ವರ್ಷಗಟ್ಟಲೆ ತಿದ್ದಿ ತಯಾರು ಮಾಡಿದ, ಮೊಮ್ಮಕ್ಕಳ ಪಕ್ಕದಲ್ಲಿ ಮಲಗುತ್ತಿದ್ದ ನಾಯಿ ಅದು. ಅವರ ಮುಂದೆ ಆಹಾರ ಸರಪಳಿಯ ಪಾಠ ಶುರು ಮಾಡಿ ನೋಡಿ, ಗೊತ್ತಾಗುತ್ತದೆ.

ಕಾನೂನು ಇಲ್ಲಿ ಸ್ವಲ್ಪ ದಾರಿ ಬಿಟ್ಟಿದೆ. ಸ್ವೀಡನ್ನಿನ ಬೇಟೆ ನಿಯಮಗಳ 28ನೇ ಕಲಮಿನ ಪ್ರಕಾರ, ಸಾಕುಪ್ರಾಣಿಯ ಮೇಲೆ ದಾಳಿ ನಡೆಯುತ್ತಿದ್ದರೆ ಅಥವಾ ಇನ್ನೇನು ನಡೆಯುತ್ತದೆ ಅನ್ನುವುದು ಖಚಿತವಾಗಿದ್ದರೆ ತೋಳಕ್ಕೆ ಗುಂಡು ಹೊಡೆಯಬಹುದು. ನಾಯಿಗೂ ಇದು ಅನ್ವಯಿಸುತ್ತದೆ. ಹೊಡೆದ ತಕ್ಷಣ ವರದಿ ಮಾಡಬೇಕು, ಆಮೇಲೆ ತನಿಖೆ. ಆದರೆ ಎರಡು ಕಿಲೋಮೀಟರ್ ದೂರದಲ್ಲಿ, ದಟ್ಟ ಕಾಡಿನಲ್ಲಿ ಸಾಯುತ್ತಿರುವ ನಾಯಿಗೆ ಈ ಕಲಮಿನಿಂದ ಏನು ಪ್ರಯೋಜನ ಅಂತ ಅವರು ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ಮಾಂಸದ ಲೆಕ್ಕ. ಇಲ್ಲಿ ಒಂದು ತೋಳದ ಹಿಂಡಿನ ಸರಹದ್ದು ಸುಮಾರು ಸಾವಿರ ಚದರ ಕಿಲೋಮೀಟರ್. ಒಂದು ಹಿಂಡು ವರ್ಷಕ್ಕೆ ಸುಮಾರು 100ರಿಂದ 130 ಮೂಸ್ ಹಿಡಿಯುತ್ತದೆ, ಹೆಚ್ಚಿನವು ಕರುಗಳು. ಅಷ್ಟು ಮೂಸ್ ಬೇಟೆಗಾರರ ಪಾಲಿನಿಂದ ಕಡಿತವಾಗುತ್ತದೆ. ಚಿಕ್ಕ ಜಮೀನಿನ ತಂಡಕ್ಕೆ ಒಂದು ಕರು ಹೊಡೆಯಲು ಅನುಮತಿ ಸಿಕ್ಕರೆ ಅದೇ ದೊಡ್ಡದು. ಆದರೆ ಮೂಸ್ ಕಡಿಮೆಯಾದದ್ದಕ್ಕೆಲ್ಲ ತೋಳವೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಳೆ ಪೈನ್ ಮರಗಳ ತುದಿಯನ್ನು ಮೂಸ್ ಮೇಯುತ್ತದೆ. ಹಾಗಾಗಿ ಮೂಸ್ ಕಡಿಮೆ ಇರಲಿ ಅಂತ ಅರಣ್ಯ ಕಂಪನಿಗಳು ಹಲವು ವರ್ಷಗಳಿಂದ ಒತ್ತಾಯಿಸುತ್ತಿವೆ. ಎಷ್ಟೋ ಕಡೆ ಬೇಕೆಂದೇ ಹೆಚ್ಚು ಹೊಡೆಸಿ ಸಂಖ್ಯೆ ಇಳಿಸಿದ್ದಾರೆ. ಅದನ್ನು ಹೊಡೆದವರೂ ಇದೇ ಬೇಟೆಗಾರರು.

ಜಗಳ ಬರೀ ನಾಯಿ ಮತ್ತು ಮಾಂಸದ್ದಾಗಿದ್ದರೆ ಇಷ್ಟು ಕಹಿಯಾಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಕರಡಿಯ ವಿಷಯ ನೋಡಿ. ಕರಡಿ ಯೂರೋಪಿಯನ್ ಒಕ್ಕೂಟದ ಕಟ್ಟುನಿಟ್ಟಿನ ರಕ್ಷಣೆಯ ಪಟ್ಟಿಯಲ್ಲಿದೆ, ತೋಳವೂ 2025ರವರೆಗೆ ಅದೇ ಪಟ್ಟಿಯಲ್ಲಿತ್ತು. ಸ್ವೀಡನ್ನಿನಲ್ಲಿ ಅವುಗಳ ಸಂಖ್ಯೆ ಸಾವಿರಗಳಲ್ಲಿದೆ, ತೋಳಕ್ಕಿಂತ ಎಷ್ಟೋ ಜಾಸ್ತಿ. ಮೂಸ್ ಕರುಗಳನ್ನು ಅವೂ ಹಿಡಿಯುತ್ತವೆ. ಆದರೆ ಪ್ರತಿ ಶರತ್ಕಾಲ ಕೋಟಾ ಪ್ರಕಾರ ಕರಡಿ ಬೇಟೆ ನಡೆಯುತ್ತದೆ. ಲೆಕ್ಕಕ್ಕೆ ಬೇಕಾದ ಕರಡಿ ಹಿಕ್ಕೆಯನ್ನು ಬೇಟೆಗಾರರೇ ಚೀಲದಲ್ಲಿ ತುಂಬಿ ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಾರೆ. ಕಾಡಿನಲ್ಲಿ ಎಷ್ಟು ಗಂಟೆ ಇದ್ದೆವು, ಎಷ್ಟು ಕರಡಿ ಕಂಡೆವು ಅಂತ ಬರೆದಿಡುತ್ತಾರೆ. ಎಣಿಸುವುದರಲ್ಲೂ ಹೊಡೆಯುವುದರಲ್ಲೂ ತಮ್ಮ ಕೈ ಇದೆ. ಹಾಗಾಗಿ ಕರಡಿಯೇ ಬೇಡ ಅನ್ನುವ ಮಾತು ನಾನು ಕೇಳಿದ್ದು ಬಹಳ ಕಡಿಮೆ. ತೋಳದ ವಿಷಯದಲ್ಲಿ ಜಿಲ್ಲಾಡಳಿತ ಕೋಟಾ ಘೋಷಿಸುತ್ತದೆ, ಪರಿಸರ ಸಂಘಗಳು ಕೋರ್ಟಿಗೆ ಹೋಗುತ್ತವೆ, ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನಿಂದ ಪತ್ರ ಬರುತ್ತದೆ. ತಿಂಗಳುಗಟ್ಟಲೆ ತಯಾರಾದ ಬೇಟೆ ಒಂದು ಕಾಗದದಿಂದ ನಿಂತುಹೋಗಬಹುದು. ಸಿಟ್ಟಿನ ಬುಡ ಇಲ್ಲಿದೆ. ಎಷ್ಟು ತೋಳ ಇರಬೇಕು ಅನ್ನುವುದಕ್ಕಿಂತ ಅದನ್ನು ಯಾರು ನಿರ್ಧರಿಸಬೇಕು ಅನ್ನುವುದು ಅವರ ಪ್ರಶ್ನೆ.

ಆದರೆ ಆ ರಕ್ಷಣೆ ಇಲ್ಲದಿದ್ದರೆ ಜಗಳವಾಡಲು ತೋಳವೇ ಇರುತ್ತಿರಲಿಲ್ಲ. ಇದನ್ನು ಅವರು ಮರೆಯುತ್ತಾರೆ. 1966ರಲ್ಲಿ ಸ್ವೀಡನ್ ತೋಳ ಕೊಲ್ಲುವುದನ್ನು ನಿಷೇಧಿಸಿದಾಗ ದೇಶದಲ್ಲಿ ತೋಳ ಹೆಚ್ಚುಕಡಿಮೆ ಮುಗಿದೇಹೋಗಿತ್ತು. 1983ರಲ್ಲಿ ನಮ್ಮ ವೆರ್ಮ್‌ಲಾಂಡ್‌ನಲ್ಲೇ ಒಂದು ಜೋಡಿ ಮರಿ ಹಾಕಿತು. 1990ರ ದಶಕದ ಆರಂಭದಲ್ಲಿ ಇನ್ನೊಂದು ಗಂಡು ಬಂತು. ಬಹಳ ವರ್ಷ ಇಡೀ ಸಂತಾನ ಈ ಮೂರೇ ತೋಳಗಳದ್ದು. ಹತ್ತಿರದ ರಕ್ತಸಂಬಂಧದ ತೊಂದರೆ ಇಂದಿಗೂ ಬಿಟ್ಟಿಲ್ಲ. ಇಲ್ಲಿ ನಿಮಗೆ ಒಂದು ಗಾಳಿಸುದ್ದಿ ಗ್ಯಾರಂಟಿ ಕೇಳಿಸುತ್ತದೆ. ತೋಳಗಳು ತಾವಾಗಿ ಬರಲಿಲ್ಲ, ಯಾರೋ ಮೃಗಾಲಯದಿಂದ ತಂದು ರಾತ್ರೋರಾತ್ರಿ ಬಿಟ್ಟರು ಅಂತ. ಡಿಎನ್‌ಎ ಪರೀಕ್ಷೆಯಲ್ಲಿ ಅವು ಫಿನ್‌ಲ್ಯಾಂಡ್ ಮತ್ತು ರಷ್ಯಾ ಕಡೆಯಿಂದ ಬಂದವು ಅಂತ ಗೊತ್ತಾಗಿದೆ. ನಂಬುವವರು ನಂಬುತ್ತಲೇ ಇದ್ದಾರೆ.

ಹೊಸ ರಕ್ತ ಬರಬೇಕಾದರೆ ಪೂರ್ವದ ತೋಳ ಉತ್ತರದ ಹಿಮಸಾರಂಗ ಸಾಕುವ ಸಾಮಿ ಜನರ ಪ್ರದೇಶ ದಾಟಿ ಬರಬೇಕು. ಅಲ್ಲಿ ತೋಳ ಉಳಿಯುವುದು ಕಷ್ಟ. ಒಮ್ಮೆ ಯೂನ್ಸೆಲೆ ಅನ್ನುವ ಕಡೆ ಕಾಣಿಸಿಕೊಂಡ ಒಂದು ಹೆಣ್ಣು ತೋಳವನ್ನು ಅಧಿಕಾರಿಗಳು ಹೆಲಿಕಾಪ್ಟರ್ ಹಿಡಿದು ದಕ್ಷಿಣಕ್ಕೆ ಸಾಗಿಸಿದರು. ಅದು ನಡೆದುಕೊಂಡು ವಾಪಸ್ ಉತ್ತರಕ್ಕೆ ಹೋಯಿತು. ಮತ್ತೆ ಸಾಗಿಸಿದರು, ಮತ್ತೆ ಹೋಯಿತು. ಬೇಟೆಗಾರರು ಇದನ್ನು ಹೇಳಿ ಈಗಲೂ ನಗುತ್ತಾರೆ, ಖರ್ಚಿನ ಮಾತು ಬಂದರೆ ಮಾತ್ರ ನಗು ನಿಲ್ಲುತ್ತದೆ.

ಕಾನೂನಿನ ಕಥೆಯನ್ನು ಬೇಗ ಮುಗಿಸುತ್ತೇನೆ. 2010ರ ಜನವರಿಯಲ್ಲಿ ಸ್ವೀಡನ್ ಲೈಸೆನ್ಸ್ ಕೊಟ್ಟು ತೋಳ ಬೇಟೆ ನಡೆಸಿತು. ಕೋಟಾ 27. ಕೆಲವೇ ದಿನಗಳಲ್ಲಿ ಮುಗಿಯಿತು. ಮರುವರ್ಷ ಒಕ್ಕೂಟದ ಆಡಳಿತ ನಡೆಸುವ ಯೂರೋಪಿಯನ್ ಆಯೋಗ ಇದು ನಿಯಮಕ್ಕೆ ವಿರುದ್ಧ ಅಂತ ಕ್ರಮ ಶುರು ಮಾಡಿತು. 2016ರ ಕೊನೆಗೆ ಇಲ್ಲಿಯ ಸರ್ವೋಚ್ಚ ಆಡಳಿತ ನ್ಯಾಯಾಲಯ ಇಂಥ ಬೇಟೆಗೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಕೋಟಾ 75ಕ್ಕೆ ಏರಿತು, ಮುಂದಿನ ಎರಡು ಚಳಿಗಾಲ 36, 30. ದೇಶದಲ್ಲಿ ಒಟ್ಟು ಇರುವುದು 350ರ ಆಸುಪಾಸು. ಇಷ್ಟಾದರೂ ಇರಬೇಕು ಅನ್ನುವ ಸಂಖ್ಯೆ ಮೊದಲು 300 ಇತ್ತು. 2025ರಲ್ಲಿ ಸರ್ಕಾರ ಅದನ್ನು 170 ಮಾಡಿತು.

ಯೂರೋಪಿನ ಮಟ್ಟದಲ್ಲಿ, ಕಾಡುಪ್ರಾಣಿಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ 1979ರ ಬರ್ನ್ ಒಪ್ಪಂದದಲ್ಲಿ ತೋಳ "ಕಟ್ಟುನಿಟ್ಟಿನ ರಕ್ಷಣೆ" ಪಟ್ಟಿಯಲ್ಲಿತ್ತು. 2024ರ ಡಿಸೆಂಬರ್‌ನಲ್ಲಿ ಮತ ಹಾಕಿ ಅದನ್ನು ಬರೀ "ರಕ್ಷಣೆ" ಪಟ್ಟಿಗೆ ಇಳಿಸಿದರು. 2025ರಲ್ಲಿ ಒಕ್ಕೂಟವೂ ತನ್ನ ಕಾನೂನು ತಿದ್ದಿತು. ಅಂದರೆ ತೋಳಗಳ ಸ್ಥಿತಿ ಒಟ್ಟಾರೆ ಚೆನ್ನಾಗಿರುವವರೆಗೆ ದೇಶಗಳು ಬೇಟೆಗೆ ಅವಕಾಶ ಕೊಡಬಹುದು. ಕೊಡಲೇಬೇಕು ಅಂತೇನಿಲ್ಲ. ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರ ಡಾಲಿ ಅನ್ನುವ ಪೋನಿ ಕುದುರೆಯನ್ನು 2022ರಲ್ಲಿ ಜರ್ಮನಿಯಲ್ಲಿ ತೋಳ ಕೊಂದಿತ್ತು. ಈ ಬದಲಾವಣೆಗೆ ಅದೇ ಕಾರಣ ಅಂತ ವಿರೋಧಿಗಳು ಆಡಿಕೊಳ್ಳುತ್ತಾರೆ. ರೈತ ಸಂಘಗಳು ಮತ್ತು ಬೇಟೆ ಸಂಘಗಳು ಅದಕ್ಕೂ ಎಷ್ಟೋ ಮೊದಲಿನಿಂದ ಒತ್ತಡ ಹಾಕುತ್ತಿದ್ದವು.

ಎಲ್ಲರೂ ಹಾಗೇನಾ ಅಂದಿರಿ. ಇಲ್ಲ. ಒಂದೂ ತೋಳ ಬೇಡ ಅನ್ನುವವರು ಇದ್ದಾರೆ, ಅವರ ದನಿ ಜೋರು. ನನ್ನ ಅನುಭವದಲ್ಲಿ ಹೆಚ್ಚಿನವರು "ಇರಲಿ, ಕಡಿಮೆ ಇರಲಿ, ಲೆಕ್ಕ ಇಟ್ಟು ಬೇಟೆಯಾಡೋಣ" ಅನ್ನುವವರು. ಹಿಮದಲ್ಲಿ ತೋಳದ ಹೆಜ್ಜೆ ಕಂಡರೆ ಕಣ್ಣರಳಿಸುವವರೂ ಇದ್ದಾರೆ, ಅದನ್ನು ತಂಡದಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ದೇಶ ಬದಲಾದರೆ ಮಾತೂ ಬದಲಾಗುತ್ತದೆ. ಎಸ್ಟೋನಿಯಾದಲ್ಲಿ ತೋಳ ಪೂರ್ತಿ ಮರೆಯಾಗಿರಲೇ ಇಲ್ಲ, ಕೋಟಾ ಬೇಟೆಯೂ ನಡೆಯುತ್ತಾ ಬಂದಿದೆ. 2018ರಲ್ಲಿ ಅವರು ತೋಳವನ್ನೇ ರಾಷ್ಟ್ರೀಯ ಪ್ರಾಣಿ ಅಂತ ಆರಿಸಿಕೊಂಡರು.

ಹಾಗಂತ ಬೇಟೆಗಾರರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದಾ? ಅಮೆರಿಕದ ವಿಸ್ಕಾನ್ಸಿನ್ ನೋಡಿ. 2021ರ ಫೆಬ್ರವರಿಯಲ್ಲಿ ಅಲ್ಲಿ ಅವಸರದಲ್ಲಿ ತೋಳ ಬೇಟೆ ತೆರೆದರು. ಒಟ್ಟು ಕೋಟಾ 200. ಅದರಲ್ಲಿ 81 ಒಜಿಬ್ವೆ ಮೂಲನಿವಾಸಿಗಳ ಪಾಲು. ತೋಳವನ್ನು ಸಹೋದರ ಅನ್ನುವ ಅವರು ಹೊಡೆಯುವುದಿಲ್ಲ ಅಂದರು. ಉಳಿದ 119ರ ಜಾಗದಲ್ಲಿ ಲೈಸೆನ್ಸ್ ಪಡೆದವರು ಮೂರು ದಿನ ತುಂಬುವುದರೊಳಗೆ 218 ಹೊಡೆದರು. ಮರುವರ್ಷ ಕೋರ್ಟು ಆ ಕಡೆಯ ತೋಳಗಳಿಗೆ ಕೇಂದ್ರದ ರಕ್ಷಣೆಯನ್ನು ವಾಪಸ್ ತಂದಿತು. ಅಲ್ಲೂ ನಾಯಿಯ ಜಗಳ ಇದೆ ಅನ್ನುವುದು ಕುತೂಹಲದ ಸಂಗತಿ. ಬೇಟೆನಾಯಿಯನ್ನು ತೋಳ ಕೊಂದರೆ ರಾಜ್ಯ 2,500 ಡಾಲರ್‌ವರೆಗೆ ಪರಿಹಾರ ಕೊಡುತ್ತದೆ.

ಕಡೆಯದಾಗಿ ಕಳ್ಳಬೇಟೆ. "ಹೊಡಿ, ಹೂಳು, ಸುಮ್ಮನಿರು" ಅನ್ನುವ ಮಾತು ಇಲ್ಲೂ ಇದೆ, ಜರ್ಮನಿಯಲ್ಲೂ ಇದೆ, ಅಮೆರಿಕದಲ್ಲೂ ಇದೆ. ಕೊರಳಿಗೆ ರೇಡಿಯೊ ಕಟ್ಟಿದ ತೋಳಗಳ ಮಾಹಿತಿ ಹಿಡಿದು ಸ್ಕ್ಯಾಂಡಿನೇವಿಯಾದ ಸಂಶೋಧಕರು 2012ರಲ್ಲಿ ಲೆಕ್ಕ ಹಾಕಿದರು. ತೋಳಗಳ ಸಾವಿನಲ್ಲಿ ಸುಮಾರು ಅರ್ಧ ಕಳ್ಳಬೇಟೆಯಿಂದ. ಅದರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಯಾರ ಕಣ್ಣಿಗೂ ಬೀಳದ್ದು. 2009ಕ್ಕೆ ಹಿಂದಿನ ಒಂದು ದಶಕ ಕಳ್ಳಬೇಟೆ ಇಲ್ಲದಿದ್ದರೆ ಆ ವರ್ಷ ತೋಳಗಳು ಸುಮಾರು ನಾಲ್ಕು ಪಟ್ಟು ಇರುತ್ತಿದ್ದವು.

ಅನುಮತಿ ಕೊಟ್ಟರೆ ಇದು ಇಳಿಯುತ್ತದಾ? 2016ರಲ್ಲಿ ವಿಸ್ಕಾನ್ಸಿನ್ ಮತ್ತು ಮಿಷಿಗನ್ ಬಗ್ಗೆ ಬಂದ ಅಧ್ಯಯನ ಇಲ್ಲ ಅಂದಿತು. ಸರ್ಕಾರವೇ ಕೊಲ್ಲಲು ಬಿಟ್ಟಾಗ ತೋಳದ ಜೀವಕ್ಕೆ ಬೆಲೆ ಇಲ್ಲ ಅನ್ನುವ ಸಂದೇಶ ಹೋಗುತ್ತದೆ ಅನ್ನುವುದು ಅದರ ಅರ್ಥ. ಬೇರೆ ಸಂಶೋಧಕರು ಅದನ್ನು ಒಪ್ಪಲಿಲ್ಲ. 2020ರಲ್ಲಿ ಸ್ವೀಡನ್ನಿನ ಅಧ್ಯಯನ ಉಲ್ಟಾ ಹೇಳಿತು: ಕಾನೂನು ಪ್ರಕಾರ ಹೊಡೆದದ್ದು ಹೆಚ್ಚಾದಾಗ, ಕಾರಣವಿಲ್ಲದೆ ಕಾಣೆಯಾಗುವ ತೋಳಗಳು ಕಡಿಮೆ. ಹಾಗಾಗಿ ಇಲ್ಲಿಯ ಮಟ್ಟಿಗೆ ಬೇಟೆಗಾರರ ವಾದವನ್ನು ಸುಳ್ಳು ಅನ್ನಲಾರೆ. ಸೀಮಿತ ಕೋಟಾ ಬೇಟೆ ಇರಲಿ ಅಂತಲೇ ನನ್ನ ಅಭಿಪ್ರಾಯ. ಆದರೆ ಮೂರು ತೋಳಗಳಿಂದ ಬೆಳೆದ ಸಂತಾನಕ್ಕೆ 170 ಸಾಕು ಅನ್ನುವುದು ನನಗೆ ರಾಜಕೀಯದ ಲೆಕ್ಕವಾಗಿ ಕಾಣುತ್ತದೆ.

ಇನ್ನೊಂದು ತಕರಾರು ನನಗಿದೆ, ತಂಡದಲ್ಲಿ ಹೇಳಿ ಬೈಸಿಕೊಂಡಿದ್ದೇನೆ. ಗಂಭೀರ ಬೇಟೆ ಅಪರಾಧಕ್ಕೆ ಇಲ್ಲಿ ಕನಿಷ್ಠ ಆರು ತಿಂಗಳು ಜೈಲು. ಬೇಟೆ ಸಂಘಗಳೂ ಕಳ್ಳಬೇಟೆಯನ್ನು ಖಂಡಿಸುತ್ತವೆ. ಆದರೂ ಶಿಕ್ಷೆಯಾಗುವುದು ಅಪರೂಪ, ಯಾಕೆಂದರೆ ಸಾಕ್ಷಿ ಹೇಳುವವರಿಲ್ಲ. ಚಿಕ್ಕ ಊರು, ಒಂದೇ ತಂಡ, ಒಂದೇ ಚರ್ಚು, ಯಾರು ಯಾರ ಮೇಲೆ ದೂರು ಕೊಡುತ್ತಾರೆ? ನನಗೆ ಅದು ಅರ್ಥವಾಗುತ್ತದೆ. ಆದರೆ ಕಾಡಿನ ನಿರ್ಧಾರ ನಮ್ಮ ಕೈಗೆ ಕೊಡಿ ಅಂತ ಕೇಳುವವರು ಪೊಲೀಸರಿಗೆ ಒಂದು ಫೋನ್ ಮಾಡಲು ಬ್ರಸೆಲ್ಸ್‌ನ ಅನುಮತಿಗೆ ಕಾಯಬೇಕಾಗಿಲ್ಲ ಅಲ್ವಾ?