ನಿಮ್ಮ ನೀಲಿ ಎಂಜಿನ್ ಲೇಖನದ ಬಗ್ಗೆ

ನಮಸ್ಕಾರ. ಅಮೆರಿಕದ ಕಾನ್‌ರೇಲ್ ಅನ್ನೋ ರೈಲು ಕಂಪನಿಯ ಬಗ್ಗೆ ನೀವು ಕಳಿಸಿದ ‘ಕಾನ್‌ರೇಲ್ ಎಂಜಿನ್‌ಗಳು ಎಲ್ಲಿ ಹೋದವು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ. ಆದರೆ ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ.

ಮೊದಲು ಆ ಫೋಟೊ. ಪೆನ್ಸಿಲ್ವೇನಿಯಾದ ಹಾರ್ಸ್‌ಶೂ ಕರ್ವ್‌ನಲ್ಲಿ ತೆಗೆದ ನೀಲಿ ಎಂಜಿನ್, ನಂಬರ್ 8098. ಕೆಳಗೆ ‘ಇನ್ನೂ ಓಡುತ್ತಿರುವ ಕಾನ್‌ರೇಲ್ ಎಂಜಿನ್’ ಅಂತ ಬರೆದಿದ್ದೀರಿ. ಅದು ಕಾನ್‌ರೇಲ್‌ನದ್ದೇ ಅಲ್ಲ ಮಾರಾಯ್ರೇ! ನಾರ್ಫೋಕ್ ಸದರ್ನ್ ಮತ್ತು ಸಿಎಸ್‌ಎಕ್ಸ್ ಅನ್ನೋ ಎರಡು ರೈಲು ಕಂಪನಿಗಳು ಕಾನ್‌ರೇಲನ್ನು ಹಂಚಿಕೊಂಡಿದ್ದು 1999ರ ಜೂನ್ 1ಕ್ಕೆ. 8098 ತಯಾರಾಗಿದ್ದು 2012ರಲ್ಲಿ. ತನ್ನೊಳಗೆ ಸೇರಿಹೋದ ಹಳೆ ಕಂಪನಿಗಳ ನೆನಪಿಗೆ ಅಂತ ನಾರ್ಫೋಕ್ ಸದರ್ನ್ ಆ ವರ್ಷ 20 ಹೊಸ ಎಂಜಿನ್‌ಗಳಿಗೆ ಹಳೆ ಬಣ್ಣ ಬಳಿಸಿತು, ಇದೂ ಅದರಲ್ಲೊಂದು. ಅಜ್ಜನ ಕೋಟು ಹಾಕಿಕೊಂಡ ಮೊಮ್ಮಗನನ್ನೇ ಅಜ್ಜ ಅಂದುಬಿಟ್ಟಿದ್ದೀರಿ. ‘ಕಾನ್‌ರೇಲ್ ಸತ್ತುಹೋಯಿತು’ ಅನ್ನೋ ಸಾಲೂ ಬೇಡ. ಉತ್ತರ ನ್ಯೂಜೆರ್ಸಿ, ಫಿಲಡೆಲ್ಫಿಯಾ, ಡೆಟ್ರಾಯಿಟ್ ಸುತ್ತ ಆ ಹೆಸರಿನಲ್ಲೇ ಇವತ್ತೂ ವ್ಯಾಗನ್ ಓಡಾಡುತ್ತವೆ.

ಆಮೇಲೆ ಮೂರು ಪುಟದ ನಂಬರ್ ಪಟ್ಟಿ. ಎಸ್‌ಡಿ80ಮ್ಯಾಕ್ ಮಾದರಿಯ ಡೀಸೆಲ್ ಎಂಜಿನ್ ತಯಾರಾಗಿದ್ದೇ 30, ಎಲ್ಲವೂ ಕಾನ್‌ರೇಲ್‌ಗೆ. ಹಂಚಿಕೆಯಲ್ಲಿ 17 ನಾರ್ಫೋಕ್‌ಗೆ, 13 ಸಿಎಸ್‌ಎಕ್ಸ್‌ಗೆ. ಎರಡು ಸಾಲಿಗೆ ಮುಗಿಯಿತು ಅಲ್ವಾ? ಅದರ ಬದಲು ‘20 ಸಿಲಿಂಡರ್, 5000 ಎಚ್‌ಪಿ’ ಅಂತ ಸುಮ್ನೆ ಹೇಳಿ ದಾಟಿದ ಕಡೆ ಸ್ವಲ್ಪ ನಿಲ್ಲಿ. ನಮ್ಮ ಹುಬ್ಬಳ್ಳಿ ಶೆಡ್‌ನ ಡಬ್ಲ್ಯುಡಿಜಿ-4 ಗೂಡ್ಸ್ ಎಂಜಿನ್ ಒಳಗಿರೋದೂ ಇದೇ ‘710’ ಜಾತಿಯ ಡೀಸೆಲ್ ಯಂತ್ರ, 16 ಸಿಲಿಂಡರಿನದು. ಅಷ್ಟು ಹೇಳಿದರೆ ಹುಬ್ಬಳ್ಳಿ ಕಡೆಯವರಿಗೆ ಕಿವಿಯಲ್ಲೇ ಸದ್ದು ಬರುತ್ತೆ.

ನಿಮ್ಮ ಲೇಖನದ ಜೀವ ಇರುವುದು ಏಳನೇ ಪುಟದಲ್ಲಿ, ಅದೂ ಒಂದೇ ಸಾಲು: ಹಂಚಿಕೆಯ ಸಮಯದಲ್ಲಿ ನಾರ್ಫೋಕ್ ಪಾಲಿನ ನೀಲಿ ಎಂಜಿನ್‌ಗಳ ಕ್ಯಾಬಿನ ಮೇಲೆ ಪುಟ್ಟದಾಗಿ ‘ಪಿಆರ್‌ಆರ್’, ಸಿಎಸ್‌ಎಕ್ಸ್ ಪಾಲಿನವಕ್ಕೆ ‘ಎನ್‌ವೈಸಿ’ ಅಂತ ಬರೆದರು ಅನ್ನೋದು. ಪೆನ್ಸಿಲ್ವೇನಿಯಾ ರೈಲ್‌ರೋಡ್, ನ್ಯೂಯಾರ್ಕ್ ಸೆಂಟ್ರಲ್! ಒಂದು ಕಾಲದ ಕಡು ಪೈಪೋಟಿಗಾರರು, 1968ರಲ್ಲಿ ಒಂದಾಗಿ ಪೆನ್ ಸೆಂಟ್ರಲ್ ಆದರು, 1970ರಲ್ಲಿ ದಿವಾಳಿ ಎದ್ದರು, ಆ ಅವಶೇಷದಿಂದ 1976ರಲ್ಲಿ ಕಾನ್‌ರೇಲ್ ಹುಟ್ಟಿತು, ಕೊನೆಗೆ ಅದನ್ನು ಪಾಲು ಮಾಡುವಾಗ 31 ವರ್ಷದ ಹಿಂದೆ ಅಳಿಸಿಹೋಗಿದ್ದ ಅದೇ ಎರಡು ಹೆಸರು ಕಾಗದಪತ್ರದ ಲೆಕ್ಕಕ್ಕೆ ಎಂಜಿನ್ ಮೈಮೇಲೆ ಎದ್ದು ಬಂದವು. ಇದನ್ನು ಏಳನೇ ಪುಟದಲ್ಲಿ ಯಾರ್ರೀ ಹೂತಿಡ್ತಾರೆ? ಇಲ್ಲಿಂದಲೇ ಶುರು ಮಾಡಿ.

ಮತ್ತೆ, ಸಿಎಸ್‌ಎಕ್ಸ್‌ಗೆ ಹೋದ 13ರಲ್ಲಿ ಹೆಚ್ಚಿನವು ಮುಂದೆ ನಾರ್ಫೋಕ್ ಕೈಗೇ ಬಂದವು. ಅಂಥ ಒಂದೇ ಒಂದನ್ನು ಹಿಡಿದು ಹಿಂಬಾಲಿಸಿ. ಕಾನ್‌ರೇಲ್‌ನಲ್ಲಿ ಒಂದು ನಂಬರ್, ಸಿಎಸ್‌ಎಕ್ಸ್‌ನಲ್ಲಿ ಇನ್ನೊಂದು, ನಾರ್ಫೋಕ್‌ನಲ್ಲಿ ಮತ್ತೊಂದು. ಬಣ್ಣ, ನಂಬರ್ ಎರಡನ್ನೂ ನಂಬಬೇಡಿ. ತಯಾರಕರ ಸೀರಿಯಲ್ ನಂಬರ್ ತಾಳೆಯಾದರೆ ಮಾತ್ರ ಅದೇ ಎಂಜಿನ್ ಅಂತ ಬರೆಯಿರಿ.

ತಿದ್ದಿ ಕಳಿಸಿ, ಕಾಯ್ತೀನಿ. ಫೋಟೊ 8098ರದ್ದು ಬೇಡ. ಕ್ಯಾಬಿನ ಬದಿಯಲ್ಲಿ ‘ಪಿಆರ್‌ಆರ್’ ಓದೋಕೆ ಆಗುವಂಥದ್ದು ನಿಮ್ಮ ಹಳೆ ಫೋಟೊಗಳಲ್ಲಿ ಇದ್ದರೆ, ಮಸುಕಾಗಿದ್ದರೂ ಪರವಾಗಿಲ್ಲ, ಅದನ್ನೇ ಕಳಿಸಿ.